ಮೈಕ್ರೋಬಯಾಲಜಿಗೆ ಮೇಷ್ಟ್ರು ಬೇಕು: ಓದುಗರ ಪ್ರಶ್ನೆ, ವಿಷಯ ಬಲ್ಲವರ ಉತ್ತರ

ಈ ಸಲದ ಅಂಚೆಯಲ್ಲಿ ದಾವಣಗೆರೆ, ಚಿತ್ರದುರ್ಗ ಜಿಲ್ಲೆಗಳಿಂದ ಒಂದೇ ವಿಷಯದ ಮೇಲೆ ಹಲವು ಪತ್ರ ಬಂದಿವೆ: ಸೂಕ್ಷ್ಮಜೀವಿಶಾಸ್ತ್ರಕ್ಕೆ ಖಾಸಗಿಯಾಗಿ ಪಾಠ ಹೇಳುವವರನ್ನು ಹುಡುಕುವುದು ಹೇಗೆ? ಒಂದೇ ಅರ್ಥದ ಪ್ರಶ್ನೆಗಳನ್ನು ಸೇರಿಸಿ, ಹೆಸರು ಬಿಟ್ಟು ಇಲ್ಲಿ ಕೊಟ್ಟಿದ್ದೇವೆ.

ಪ್ರಶ್ನೆ: ಚಿತ್ರದುರ್ಗದಲ್ಲಿ ಹಾಸ್ಟೆಲಿನಲ್ಲಿದ್ದು ಬಿ.ಎಸ್ಸಿ ನರ್ಸಿಂಗ್ ಓದುತ್ತಿದ್ದೇನೆ. ಮೂರನೇ ಸೆಮಿಸ್ಟರ್‌ನಲ್ಲಿ ಮೈಕ್ರೋಬಯಾಲಜಿ ಒಂದೇ ಪೇಪರ್ ಹೋಗಿದೆ. ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮ. ಟ್ಯೂಷನ್ ಹೇಳುವವರನ್ನು ಎಲ್ಲಿ ಹುಡುಕಲಿ? ಅವರಿಗೆ ವಿಷಯ ಬರುತ್ತದೋ ಇಲ್ಲವೋ ಎಂದು ವಿಷಯವೇ ಬಾರದ ನಾನು ತಿಳಿಯುವುದು ಹೇಗೆ?

ಉತ್ತರ: ಹುಡುಕಲು ಹೊರಡುವ ಮೊದಲು ನಿಮ್ಮ ಸಿಲಬಸ್ ಪುಟವನ್ನು ತೆರೆದಿಟ್ಟುಕೊಳ್ಳಿ. ನಿಮ್ಮ ಪೇಪರ್‌ನ ಪೂರ್ತಿ ಹೆಸರು ‘ಅಪ್ಲೈಡ್ ಮೈಕ್ರೋಬಯಾಲಜಿ ಅಂಡ್ ಇನ್‌ಫೆಕ್ಷನ್ ಕಂಟ್ರೋಲ್ ಇನ್‌ಕ್ಲೂಡಿಂಗ್ ಸೇಫ್ಟಿ’. ಭಾರತೀಯ ನರ್ಸಿಂಗ್ ಪರಿಷತ್ತು 2021ರಲ್ಲಿ ತಂದ ಸೆಮಿಸ್ಟರ್ ಪಠ್ಯಕ್ರಮದಲ್ಲಿ ಇದು ಮೂರನೇ ಸೆಮಿಸ್ಟರ್‌ಗೆ ಬರುತ್ತದೆ: ಥಿಯರಿ 40 ಗಂಟೆ, ಲ್ಯಾಬ್ 40 ಗಂಟೆ. ಅದರಲ್ಲಿ ಸರಿಸುಮಾರು ಅರ್ಧ ಮಾತ್ರ ಬ್ಯಾಕ್ಟೀರಿಯಾ, ವೈರಸ್, ರೋಗನಿರೋಧಕ ಶಕ್ತಿಯ ಪಾಠ. ಉಳಿದರ್ಧ ಆಸ್ಪತ್ರೆಯ ಸೋಂಕು ನಿಯಂತ್ರಣ. ಟ್ಯೂಷನ್‌ಗೆ ಕೊಟ್ಟ ದುಡ್ಡು ಹೆಚ್ಚಾಗಿ ವ್ಯರ್ಥವಾಗುವುದು ಇಲ್ಲೇ. ಎಂ.ಎಸ್ಸಿ ಮೈಕ್ರೋಬಯಾಲಜಿ ಮುಗಿಸಿದ ಒಳ್ಳೆಯ ಹುಡುಗರೊಬ್ಬರು ಸಿಗುತ್ತಾರೆ, ಬ್ಯಾಕ್ಟೀರಿಯಾದ ಕೋಶಗೋಡೆಯ ಬಗ್ಗೆ ನಾಲ್ಕು ಕ್ಲಾಸು ಚೆಂದವಾಗಿ ಹೇಳುತ್ತಾರೆ. ಪೇಪರ್‌ನ ಅರ್ಧ ಅಂಕವಿರುವ ಭಾಗ ಅವರು ಓದಿಯೇ ಇರುವುದಿಲ್ಲ.

ಆದ್ದರಿಂದ ಫೋನಿನಲ್ಲಿ ಮಾತಾಡುವಾಗಲೇ ಎರಡನೇ ಅರ್ಧದ ಮೂರು ಪ್ರಶ್ನೆ ಕೇಳಿ. ಪಿಪಿಇ (ಸೋಂಕು ತಗಲದಂತೆ ತೊಡುವ ಉಡುಪು) ತೆಗೆಯುವಾಗ ಮೊದಲು ಯಾವುದು? ಗ್ಲೌಸ್, ಯಾಕೆಂದರೆ ಹೆಚ್ಚು ಕೊಳೆಯಾದದ್ದು ಅದೇ; ಮಾಸ್ಕ್ ಕೊನೆಗೆ. ಸೂಜಿ ತೆಗೆದ ಸಿರಿಂಜ್ ಯಾವ ಡಬ್ಬಿಗೆ, ಸೂಜಿ ಯಾವುದಕ್ಕೆ? 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮದ ಪ್ರಕಾರ ಸಿರಿಂಜ್, ಐವಿ ಸೆಟ್, ಕ್ಯಾಥೆಟರ್ ಕೆಂಪಿಗೆ. ಸೂಜಿ, ಬ್ಲೇಡ್ ಚುಚ್ಚಿದರೂ ತೂತಾಗದ ಬಿಳಿ ಡಬ್ಬಿಗೆ. ಗಾಜಿನ ಆಂಪ್ಯೂಲ್, ವಯಲ್ ನೀಲಿಗೆ. ರಕ್ತ ಹತ್ತಿದ ಹತ್ತಿ, ಬ್ಯಾಂಡೇಜ್, ಅಂಗಾಂಶ ಹಳದಿಗೆ. ಸೂಜಿ ಚುಚ್ಚಿಕೊಂಡರೆ? ಸೋಪು ನೀರಿನಲ್ಲಿ ತೊಳೆಯುವುದು, ಹಿಂಡದಿರುವುದು, ತಕ್ಷಣ ವರದಿ ಮಾಡುವುದು. ಎಚ್‌ಐವಿ ತಡೆ ಮಾತ್ರೆ 2 ಗಂಟೆಯೊಳಗೆ ಶುರುವಾದರೆ ಉತ್ತಮ, 72 ಗಂಟೆ ದಾಟಿದರೆ ಪ್ರಯೋಜನವಿಲ್ಲ. ಇವಕ್ಕೆ ತಡವರಿಸುವವರು ನಿಮ್ಮ ಪೇಪರ್‌ಗೆ ಸರಿಹೊಂದುವುದಿಲ್ಲ, ಅವರ ಡಿಗ್ರಿ ಎಷ್ಟೇ ದೊಡ್ಡದಿರಲಿ. ನಿಮಗೆ ಹೊಂದುವವರು ಎಂ.ಎಸ್ಸಿ ನರ್ಸಿಂಗ್ ಮಾಡಿದವರು, ಆಸ್ಪತ್ರೆಯಲ್ಲಿ ಸೋಂಕು ನಿಯಂತ್ರಣ ನರ್ಸ್ ಆಗಿ ದುಡಿದವರು, ಇಲ್ಲವೇ ಮೂರು ವರ್ಷದ ಎಂ.ಎಸ್ಸಿ ಮೆಡಿಕಲ್ ಮೈಕ್ರೋಬಯಾಲಜಿ ಓದಿದವರು.

ಎಲ್ಲಿ ಹುಡುಕಬೇಕೆಂದರೆ, ಗೋಡೆಯ ಮೇಲಿನ ಪೋಸ್ಟರ್, ವಾಟ್ಸಾಪ್ ಫಾರ್ವರ್ಡ್‌ಗಳನ್ನು ಕೊನೆಗಿಟ್ಟುಕೊಳ್ಳಿ. ಮೊದಲು ನಿಮ್ಮ ಕಾಲೇಜಿನಲ್ಲೇ ಎರಡು ವರ್ಷ ಮುಂದಿರುವ ಬ್ಯಾಚಿನಲ್ಲಿ ಈ ಪೇಪರ್‌ಗೆ ಒಳ್ಳೆಯ ಅಂಕ ತೆಗೆದವರನ್ನು ಕೇಳಿ. ಅನೇಕ ಸಲ ಅವರೇ ಸಾಕು. ಆಮೇಲೆ ದಾವಣಗೆರೆ. ಜೆ.ಜೆ.ಎಂ. ಮತ್ತು ಎಸ್.ಎಸ್. ವೈದ್ಯಕೀಯ ಕಾಲೇಜು, ಅವುಗಳ ಸುತ್ತಲಿನ ನರ್ಸಿಂಗ್ ಕಾಲೇಜುಗಳಿಂದಾಗಿ ಈ ವಿಷಯ ಬಲ್ಲವರು ಅಲ್ಲಿ ಹೆಚ್ಚು. ದುರ್ಗದಿಂದ ಹೆದ್ದಾರಿಯಲ್ಲಿ ಸುಮಾರು 60 ಕಿ.ಮೀ. ವಾರಕ್ಕೆರಡು ಸಲ ಹೋಗಿಬರುವುದು ಹಾಸ್ಟೆಲ್ ಹುಡುಗಿಗೆ ಆಗದ ಮಾತು. ಮೊದಲ ಕ್ಲಾಸು ಮತ್ತು ಪರೀಕ್ಷೆಗೆ ಮುಂಚಿನ ಒಂದೆರಡು ಕ್ಲಾಸು ಎದುರಿಗೆ, ಉಳಿದದ್ದು ವಿಡಿಯೊ ಕರೆಯಲ್ಲಿ ಎಂದು ಮಾಡಿಕೊಳ್ಳಿ. ಥಿಯರಿಗೆ ವಿಡಿಯೊ ಸಾಕು. ಸ್ಲೈಡ್ ಫೋಕಸ್ ಮಾಡುವುದನ್ನು ಮಾತ್ರ ಅದರಲ್ಲಿ ಕಲಿಸಲಾಗುವುದಿಲ್ಲ.

ಇನ್ನು ವಿಷಯ ಬಾರದೆಯೇ ಅವರನ್ನು ಅಳೆಯುವ ದಾರಿ. ಒಂದು ಗಂಟೆಯ ಪರೀಕ್ಷಾರ್ಥ ಕ್ಲಾಸು ಕೇಳಿ, ಅದಕ್ಕೆ ದುಡ್ಡು ಕೊಡಿ, ಪಾಠ ‘ಗ್ರಾಂ ಸ್ಟೇನ್’ ಆಗಿರಲಿ, ಅಂದರೆ ಬಣ್ಣ ಹಾಕಿ ಬ್ಯಾಕ್ಟೀರಿಯಾವನ್ನು ನೇರಳೆಯಾಗಿ ಉಳಿಯುವ ಗ್ರಾಂ ಪಾಸಿಟಿವ್, ಗುಲಾಬಿಯಾಗುವ ಗ್ರಾಂ ನೆಗೆಟಿವ್ ಎಂದು ವಿಂಗಡಿಸುವ ವಿಧಾನ. ಹಂತಗಳು ಎಲ್ಲ ಗೈಡಿನಲ್ಲೂ ಇವೆ: ಸ್ಮಿಯರ್ (ಸ್ಲೈಡಿನ ಮೇಲೆ ಬಳಿದ ತೆಳು ಪದರ) ಒಣಗಿಸಿ ಜ್ವಾಲೆಯ ಮೇಲೆ ಎರಡು ಮೂರು ಸಲ ಹಾಯಿಸುವುದು, ಕ್ರಿಸ್ಟಲ್ ವಯೋಲೆಟ್ 1 ನಿಮಿಷ, ಗ್ರಾಂ ಅಯೋಡಿನ್ 1 ನಿಮಿಷ, ಆಲ್ಕೋಹಾಲ್ 10ರಿಂದ 20 ಸೆಕೆಂಡ್, ಸಫ್ರನಿನ್ ಅರ್ಧದಿಂದ 1 ನಿಮಿಷ, ಮಧ್ಯೆ ಮಧ್ಯೆ ನೀರಿನಲ್ಲಿ ತೊಳೆಯುವುದು. ಇಷ್ಟನ್ನು ಯಾರಾದರೂ ಒಪ್ಪಿಸಬಲ್ಲರು. ನೀವು ಕೇಳಬೇಕಾದದ್ದು ತಪ್ಪುಗಳ ಬಗ್ಗೆ.

ಅಯೋಡಿನ್ ಹಾಕುವುದು ಮರೆತರೆ ಏನಾಗುತ್ತದೆ? ಅಯೋಡಿನ್ ಬಣ್ಣದೊಂದಿಗೆ ಸೇರಿ ದೊಡ್ಡ ಕಣವಾಗುತ್ತದೆ. ಗ್ರಾಂ ಪಾಸಿಟಿವ್ ಬ್ಯಾಕ್ಟೀರಿಯಾದ ದಪ್ಪ ಪೆಪ್ಟಿಡೋಗ್ಲೈಕಾನ್ ಗೋಡೆಯಿಂದ ಅದು ಸುಲಭಕ್ಕೆ ಹೊರಬರುವುದಿಲ್ಲ. ಅಯೋಡಿನ್ ಇಲ್ಲದಿದ್ದರೆ ಆಲ್ಕೋಹಾಲ್ ಅವುಗಳ ಬಣ್ಣವನ್ನೂ ಎಳೆದುಬಿಡುತ್ತದೆ, ಕೊನೆಗೆ ಎಲ್ಲವೂ ಗುಲಾಬಿ. ಆಲ್ಕೋಹಾಲ್ ಅರ್ಧ ನಿಮಿಷ ಮೀರಿ ನಿಂತರೂ ಇದೇ ಗತಿ. ಸ್ಮಿಯರ್ ದಪ್ಪವಾಗಿದ್ದರೆ ತಿರುಗುಮುರುಗು: ಒಳಪದರದ ಬಣ್ಣ ಹೋಗದೆ ಗ್ರಾಂ ನೆಗೆಟಿವ್ ಕೂಡ ನೇರಳೆಯಾಗಿ ಕಾಣುತ್ತದೆ. ಸಫ್ರನಿನ್ ಬಿಟ್ಟರೆ ಗ್ರಾಂ ನೆಗೆಟಿವ್‌ಗಳು ಬಣ್ಣವಿಲ್ಲದೆ ಕಣ್ಣಿಗೇ ಬೀಳುವುದಿಲ್ಲ. ಎರಡು ದಿನದ ಹಳೇ ಕಲ್ಚರ್ (ಬೆಳೆಸಿದ ಬ್ಯಾಕ್ಟೀರಿಯಾ) ತೆಗೆದುಕೊಂಡರೆ ಗ್ರಾಂ ಪಾಸಿಟಿವ್‌ಗಳ ಗೋಡೆ ಸಡಿಲವಾಗಿ ಅವೂ ಗುಲಾಬಿಗೆ ತಿರುಗುತ್ತವೆ, ಅದಕ್ಕೇ 18ರಿಂದ 24 ಗಂಟೆಯ ಕಲ್ಚರ್ ಬೇಕು. ಈ ಉತ್ತರಗಳನ್ನು ಚೀಟಿಯಲ್ಲಿ ಬರೆದಿಟ್ಟುಕೊಂಡು ಹೋಗಿ. ಪೆನ್ನು ತೆಗೆದು ಕೋಶಗೋಡೆಯ ಚಿತ್ರ ಬರೆದು ವಿವರಿಸಿದರೆ ಅಂಥವರನ್ನು ಬಿಡಬೇಡಿ. ‘ಅದೆಲ್ಲ ಪರೀಕ್ಷೆಗೆ ಬರಲ್ಲ ಬಿಡಮ್ಮ’ ಅಂದರೆ ಮುಂದಿನ ಕ್ಲಾಸಿಗೆ ಹೋಗಬೇಡಿ.

ಭಾಷೆಯ ವಿಷಯಕ್ಕೆ ಬಂದರೆ, ವಿವರಣೆ ಕನ್ನಡದಲ್ಲಿ, ಉತ್ತರ ಬರೆಯುವ ಅಭ್ಯಾಸ ಇಂಗ್ಲಿಷಿನಲ್ಲಿ ಎಂದು ಮೊದಲ ದಿನವೇ ಹೇಳಿಬಿಡಿ. ಕನ್ನಡದಲ್ಲಿ ಚೆನ್ನಾಗಿ ಅರ್ಥವಾದದ್ದು ಉತ್ತರಪತ್ರಿಕೆಯಲ್ಲಿ ಎರಡು ಸಾಲಿಗೆ ನಿಂತುಹೋಗುವುದು ಬರೆದು ರೂಢಿಯಿಲ್ಲದ್ದಕ್ಕೆ. ಪ್ರತಿ ಕ್ಲಾಸಿನ ಕೊನೆಯ 20 ನಿಮಿಷ ಹಳೇ ಪ್ರಶ್ನೆಪತ್ರಿಕೆಯ ಒಂದು ಉತ್ತರ ಬರೆದು ಅಲ್ಲೇ ತಿದ್ದಿಸಿಕೊಳ್ಳಿ. ಒಂದೇ ಪೇಪರ್‌ಗೆ ಒಟ್ಟು 20 ಗಂಟೆ ಧಾರಾಳ: ಅದರಲ್ಲಿ 9 ಸೋಂಕು ನಿಯಂತ್ರಣಕ್ಕೆ, 9 ಉಳಿದ ಭಾಗಕ್ಕೆ, 2 ಪೂರ್ತಿ ಪತ್ರಿಕೆ ಬರೆದು ನೋಡುವುದಕ್ಕೆ.

ಪ್ರಶ್ನೆ: ಹರಿಹರದಿಂದ ದಾವಣಗೆರೆಗೆ ಓಡಾಡಿಕೊಂಡು ಬಿ.ಎಸ್ಸಿ ಓದುತ್ತಿದ್ದೇನೆ, ಮೈಕ್ರೋಬಯಾಲಜಿ ಒಂದು ವಿಷಯ. ಥಿಯರಿ ನಾನೇ ಓದಿಕೊಳ್ಳುತ್ತೇನೆ. ಲೆಕ್ಕ, ಪ್ರಾಕ್ಟಿಕಲ್ ಕೈಹತ್ತುತ್ತಿಲ್ಲ. ಅಷ್ಟಕ್ಕೆ ಮಾತ್ರ ಟ್ಯೂಟರ್ ಸಿಗುತ್ತಾರೆಯೇ?

ಉತ್ತರ: ಸಿಗುತ್ತಾರೆ, ಹಾಗೆ ಕೇಳುವುದೇ ಜಾಣತನ. ತೋಳಹುಣಸೆಯ ಶಿವಗಂಗೋತ್ರಿ ಆವರಣದಲ್ಲಿ ದಾವಣಗೆರೆ ವಿಶ್ವವಿದ್ಯಾನಿಲಯದ ಮೈಕ್ರೋಬಯಾಲಜಿ ಸ್ನಾತಕೋತ್ತರ ವಿಭಾಗವಿದೆ. ಅಲ್ಲಿ ಕೊನೆಯ ವರ್ಷದಲ್ಲಿರುವವರು, ಈಚೆಗೆ ಮುಗಿಸಿ ಅಧ್ಯಾಪಕರ ಅರ್ಹತಾ ಪರೀಕ್ಷೆಗಳಾದ ನೆಟ್ ಅಥವಾ ಕೆ-ಸೆಟ್‌ಗೆ ಓದುತ್ತಿರುವವರು ನಿಮಗೆ ಸರಿಯಾದ ಜನ. ಒಂದು ಎಚ್ಚರಿಕೆ: ರಾಜ್ಯದಲ್ಲಿ 2021ರಿಂದ ರಾಷ್ಟ್ರೀಯ ಶಿಕ್ಷಣ ನೀತಿಯ, ಅಂದರೆ ಎನ್‌ಇಪಿ ಪಠ್ಯಕ್ರಮ ಇತ್ತು, 2024-25ರಿಂದ ಸೇರಿದವರಿಗೆ ರಾಜ್ಯ ಶಿಕ್ಷಣ ನೀತಿ, ಅಂದರೆ ಎಸ್‌ಇಪಿ ಬಂದು ಮತ್ತೆ ಮೂರು ವರ್ಷದ ಡಿಗ್ರಿಯಾಗಿದೆ. ಎರಡು ವರ್ಷ ಹಿಂದೆ ಮುಗಿಸಿದವರ ನೋಟ್ಸ್ ನಿಮ್ಮ ಸೆಮಿಸ್ಟರ್‌ಗೆ ಹೊಂದದೇ ಇರಬಹುದು. ನಿಮ್ಮ ಸಿಲಬಸ್ ಪ್ರತಿ ಅವರ ಕೈಗೆ ಕೊಟ್ಟೇ ಮಾತು ಶುರುಮಾಡಿ.

ಅವರಿಗೆ ಮೊದಲು ಕೊಡಬೇಕಾದ ಲೆಕ್ಕ ಇದು. 1 ಮಿ.ಲೀ. ಹಾಲನ್ನು 9 ಮಿ.ಲೀ. ಸ್ಟೆರೈಲ್ ನೀರಿಗೆ ಹಾಕಿದರೆ ಹತ್ತು ಪಟ್ಟು ತೆಳುವಾಗುತ್ತದೆ. ಹೀಗೆ ನಾಲ್ಕು ಟ್ಯೂಬ್ ಮುಂದೆ ಹೋದರೆ ಹತ್ತು ಸಾವಿರ ಪಟ್ಟು. ಆ ನಾಲ್ಕನೇ ಟ್ಯೂಬಿನಿಂದ 0.1 ಮಿ.ಲೀ. ಪ್ಲೇಟಿಗೆ ಹರಡಿದಾಗ ಮಾರನೇ ದಿನ 86 ಕಾಲೊನಿ (ಬ್ಯಾಕ್ಟೀರಿಯಾ ಬೆಳೆದು ಆದ ಚುಕ್ಕೆ). ಮೂರನೇ ಟ್ಯೂಬಿನ ಪ್ಲೇಟಿನಲ್ಲಿ ಎಣಿಸಲಾಗದಷ್ಟು, ಐದನೆಯದರಲ್ಲಿ 9. ಯಾವುದನ್ನು ತೆಗೆದುಕೊಳ್ಳಬೇಕು? 86. ಎಣಿಕೆಗೆ ಒಪ್ಪುವ ಮಿತಿ 30ರಿಂದ 300. ಅದಕ್ಕಿಂತ ಕಡಿಮೆಯಾದರೆ ಒಂದೆರಡು ಕಾಲೊನಿಯ ವ್ಯತ್ಯಾಸವೇ ಲೆಕ್ಕವನ್ನು ಬುಡಮೇಲು ಮಾಡುತ್ತದೆ; ಹೆಚ್ಚಾದರೆ ಕಾಲೊನಿಗಳು ಒಂದಕ್ಕೊಂದು ಅಂಟಿಕೊಂಡು, ಆಹಾರ ಸಾಲದೆ, ನಿಜಕ್ಕಿಂತ ಕಡಿಮೆ ಕಾಣುತ್ತವೆ. 86ನ್ನು 0.1ರಿಂದ ಭಾಗಿಸಿದರೆ 860, ಅದನ್ನು ಹತ್ತು ಸಾವಿರದಿಂದ ಗುಣಿಸಿದರೆ ಮಿ.ಲೀ.ಗೆ 86 ಲಕ್ಷ. ಹತ್ತರಲ್ಲಿ ಏಳು ಮಂದಿ ಆ 0.1ನ್ನು ಮರೆತು 8.6 ಲಕ್ಷ ಬರೆಯುತ್ತಾರೆಂದು ಅಧ್ಯಾಪಕರು ಗೊಣಗುವುದು ಹೊಸದಲ್ಲ. ಟ್ಯೂಟರ್ ಕೂಡ ಮರೆತರೆ ಬೇರೊಬ್ಬರನ್ನು ನೋಡಿ.

ಎರಡನೆಯದು ಪೀಳಿಗೆಯ ಅವಧಿ. 1,000 ಕೋಶ 2 ಗಂಟೆಯಲ್ಲಿ 64,000 ಆದರೆ ಆರು ಸಲ ದ್ವಿಗುಣವಾಗಿದೆ, ಅಂದರೆ 20 ನಿಮಿಷಕ್ಕೊಮ್ಮೆ. ಸಂಖ್ಯೆ ಇಷ್ಟು ಸಲೀಸಾಗಿ ಬರದಿದ್ದಾಗ ಲಾಗ್ ಬೇಕು: 1,000ದಿಂದ 50,000 ಆದರೆ 50ರ ಲಾಗ್ 1.699, ಅದನ್ನು 0.301ರಿಂದ ಭಾಗಿಸಿದರೆ 5.64 ಪೀಳಿಗೆ, 120 ನಿಮಿಷಕ್ಕೆ ಹಂಚಿದರೆ ಸುಮಾರು 21 ನಿಮಿಷ. ಇಲ್ಲಿ ಒಂದು ಕೊಕ್ಕೆಯೂ ಇದೆ. ಆ 120 ನಿಮಿಷದಲ್ಲಿ ಮೊದಲ 40 ನಿಮಿಷ ಕೋಶಗಳು ಇನ್ನೂ ದ್ವಿಗುಣವಾಗದ ಲ್ಯಾಗ್ ಹಂತವಾಗಿದ್ದರೆ ಭಾಗಿಸಬೇಕಾದದ್ದು 80 ನಿಮಿಷವನ್ನು. ಈ ಪ್ರಶ್ನೆ ಎತ್ತಿದರೆ ಮುಖ ಅರಳುವ ಟ್ಯೂಟರ್ ಒಳ್ಳೆಯವರು.

ಪ್ರಾಕ್ಟಿಕಲ್‌ಗೆ ಖಾಸಗಿ ಪಾಠದಿಂದ ಆಗುವುದು ಅರ್ಧ ಕೆಲಸ ಮಾತ್ರ. ಕೈ ಕೂರುವುದು ಕಾಲೇಜು ಲ್ಯಾಬಿನಲ್ಲೇ. ಆದರೆ ಲ್ಯಾಬಿಗೆ ಹೋಗುವ ಮುಂಚೆ ಮಾಧ್ಯಮದ (ಬ್ಯಾಕ್ಟೀರಿಯಾ ಬೆಳೆಸುವ ಆಹಾರದ) ಲೆಕ್ಕ, ಕಾರಣಗಳು ತಲೆಯಲ್ಲಿದ್ದರೆ ಅಲ್ಲಿ ಸಮಯ ಉಳಿಯುತ್ತದೆ. ಉದಾಹರಣೆಗೆ 12 ಪ್ಲೇಟ್ ನ್ಯೂಟ್ರಿಯೆಂಟ್ ಅಗಾರ್ ಬೇಕು. ಪ್ಲೇಟಿಗೆ 20 ಮಿ.ಲೀ.ನಂತೆ 240, ಸ್ವಲ್ಪ ಹೆಚ್ಚಿಗೆ 250 ಮಿ.ಲೀ. ಮಾಡಿ. ಡಬ್ಬಿಯ ಮೇಲೆ ಲೀಟರಿಗೆ 28 ಗ್ರಾಂ ಎಂದಿದ್ದರೆ ನಿಮಗೆ 7 ಗ್ರಾಂ. 250 ಮಿ.ಲೀ. ಫ್ಲಾಸ್ಕ್ ತೆಗೆದುಕೊಂಡರೆ ಉಕ್ಕಿ ಹತ್ತಿಯ ಬಿರಡೆ ಒದ್ದೆಯಾಗುತ್ತದೆ, 500ರದ್ದು ಬೇಕು. ಆಟೋಕ್ಲೇವ್ (ಹಬೆಯ ಒತ್ತಡದಲ್ಲಿ ಸೂಕ್ಷ್ಮಜೀವಿಗಳನ್ನು ಕೊಲ್ಲುವ ಪಾತ್ರೆ) 121 ಡಿಗ್ರಿ, 15 ಪೌಂಡ್ ಒತ್ತಡ, 15 ನಿಮಿಷ. ಒಳಗಿನ ಗಾಳಿ ಪೂರ್ತಿ ಹೊರಹೋಗುವ ಮೊದಲೇ ವಾಲ್ವ್ ಮುಚ್ಚಿದರೆ ಮುಳ್ಳು 15 ತೋರಿಸಿದರೂ ಉಷ್ಣತೆ 121ಕ್ಕೆ ಏರಿರುವುದಿಲ್ಲ. ಮೂರನೇ ದಿನ ಎಲ್ಲ ಪ್ಲೇಟಿನಲ್ಲೂ ಒಂದೇ ತರಹದ ಬೂದು ಕಾಲೊನಿ ಎದ್ದಾಗ ಗೊತ್ತಾಗುತ್ತದೆ. ಅಗಾರನ್ನು 50 ಡಿಗ್ರಿ ಆಸುಪಾಸಿಗೆ ಆರಿಸಿ ಸುರಿಯಬೇಕು. ಬಿಸಿಯಿದ್ದರೆ ಮುಚ್ಚಳದಲ್ಲಿ ಹನಿ ಕಟ್ಟಿ ಕೆಳಗೆ ತೊಟ್ಟಿಕ್ಕಿ ಕಾಲೊನಿಗಳು ಹರಡಿಹೋಗುತ್ತವೆ. ತೀರಾ ಆರಿದರೆ ಗಂಟುಗಂಟು.

ಪ್ರಶ್ನೆ: ಮಗ ದಾವಣಗೆರೆಯಲ್ಲಿ ಎಂಬಿಬಿಎಸ್ ಎರಡನೇ ಹಂತದಲ್ಲಿದ್ದಾನೆ. ನಾವಿರುವುದು ಚನ್ನಗಿರಿಯಲ್ಲಿ. ಒಬ್ಬರು ‘ಪೂರ್ತಿ ಮೈಕ್ರೋಬಯಾಲಜಿ’ಗೆ ಒಟ್ಟು ಮೊತ್ತ ಹೇಳಿ ಮುಂಗಡ ಕೇಳುತ್ತಿದ್ದಾರೆ. ಕೊಡಬಹುದೇ?

ಉತ್ತರ: ಪೂರ್ತಿ ಮುಂಗಡ ಬೇಡ. ‘ಪೂರ್ತಿ ಸಿಲಬಸ್’ ಎಂಬ ಮಾತಿಗೆ ಅಳತೆ ಇಲ್ಲ. ಅವರು 9,000 ರೂಪಾಯಿ ಹೇಳಿದರು ಅಂದುಕೊಳ್ಳಿ. 20 ಗಂಟೆ ಪಾಠವಾದರೆ ಗಂಟೆಗೆ 450, 12 ಗಂಟೆಯಲ್ಲಿ ಓಡಿಸಿ ಮುಗಿಸಿದರೆ 750. ಎಷ್ಟು ಗಂಟೆ, ಯಾವ ಯಾವ ಅಧ್ಯಾಯ, ತಪ್ಪಿದ ಕ್ಲಾಸಿಗೆ ಏನು ಎಂಬುದನ್ನು ವಾಟ್ಸಾಪ್‌ನಲ್ಲಾದರೂ ಬರೆಸಿಕೊಳ್ಳಿ. ನಾಲ್ಕು ಕ್ಲಾಸಿಗೊಮ್ಮೆ ಯುಪಿಐ ಮೂಲಕ ಕೊಡಿ, ಲೆಕ್ಕ ತಾನೇ ಉಳಿಯುತ್ತದೆ. ನೋಟ್ಸ್‌ಗೆ ಬೇರೆ ದುಡ್ಡು ಕೇಳಿದರೆ ಒಪ್ಪಬೇಡಿ.

ಮಗನ ಕಡೆಯಿಂದ ನೋಡಬೇಕಾದ್ದು ಬೇರೆ. ಈಗಿನ ಎಂಬಿಬಿಎಸ್ ಮೈಕ್ರೋಬಯಾಲಜಿ ಅಂಗವ್ಯವಸ್ಥೆಯ ಪ್ರಕಾರ ನಡೆಯುತ್ತದೆ: ರಕ್ತದ ಸೋಂಕು, ಹೊಟ್ಟೆ ಕರುಳಿನದು, ಮಿದುಳಿನದು, ಉಸಿರಾಟದ್ದು, ಮೂತ್ರದ್ದು ಹೀಗೆ. ಹಳೇ ಕ್ರಮದಲ್ಲಿ ಒಂದೊಂದು ಜೀವಿಯನ್ನು ಅಧ್ಯಾಯವಾಗಿ ಹೇಳುವವರಿಂದ ಕಲಿತರೆ ಕೇಸ್ ಆಧಾರಿತ ಪ್ರಶ್ನೆ ಬಂದಾಗ ಹುಡುಗ ಸಿಕ್ಕಿಬೀಳುತ್ತಾನೆ. ಟ್ಯೂಟರ್‌ಗೆ ಮಗ ಈ ಪ್ರಶ್ನೆ ಕೊಡಲಿ: ಐದು ದಿನದಿಂದ ಜ್ವರ, ಟೈಫಾಯ್ಡ್ ಅನುಮಾನ, ಯಾವ ಮಾದರಿ ಕಳಿಸಬೇಕು? ಮೊದಲ ವಾರ ಬ್ಲಡ್ ಕಲ್ಚರ್, ಅದೂ ಆ್ಯಂಟಿಬಯಾಟಿಕ್ ಕೊಡುವ ಮೊದಲು. ವಿಡಾಲ್ ರಕ್ತಪರೀಕ್ಷೆ ಎರಡನೇ ವಾರದಿಂದ ಅರ್ಥಪೂರ್ಣ, ಒಂದೇ ಸಲದ ವಿಡಾಲ್ ನಂಬಿಕೆಗೆ ಅಷ್ಟಕ್ಕಷ್ಟೆ. ವಯಸ್ಕರಿಗೆ 8ರಿಂದ 10 ಮಿ.ಲೀ. ರಕ್ತ ತೆಗೆದು ಅದರ ಐದರಿಂದ ಹತ್ತು ಪಟ್ಟು ಬ್ಯಾಕ್ಟೀರಿಯಾ ಬೆಳೆಸುವ ದ್ರವವಾದ ಬ್ರಾತ್‌ಗೆ ಹಾಕುವುದೇಕೆ ಎಂದೂ ಕೇಳಲಿ. ರಕ್ತದಲ್ಲೇ ಇರುವ ಬ್ಯಾಕ್ಟೀರಿಯಾ ಕೊಲ್ಲುವ ಅಂಶಗಳು, ಮೊದಲೇ ನುಂಗಿದ ಔಷಧಿ ತೆಳುವಾಗಲಿ ಎಂದು. ಈ ಮಟ್ಟದ ಪಾಠಕ್ಕೆ ಎಂ.ಡಿ. ಮೈಕ್ರೋಬಯಾಲಜಿ ಅಥವಾ ಎಂ.ಎಸ್ಸಿ ಮೆಡಿಕಲ್ ಮೈಕ್ರೋಬಯಾಲಜಿ ಆದವರೇ ಬೇಕು. ಎರಡು ಸೋಂಕು ಪೂರ್ತಿ ಪಾಠವಾದ ಮೇಲೆ ಮುಂದುವರಿಸುವುದೋ ಬೇಡವೋ ಎಂದು ಮಗನೇ ಹೇಳಲಿ, ನೀವಲ್ಲ.

ಪ್ರಶ್ನೆ: ನಮ್ಮದೇ ಕಾಲೇಜಿನ ಉಪನ್ಯಾಸಕರೊಬ್ಬರು ಮನೆಯಲ್ಲಿ ಟ್ಯೂಷನ್ ಹೇಳುತ್ತಾರೆ. ಸೇರಿದರೆ ಇಂಟರ್ನಲ್ಸ್ ‘ನೋಡಿಕೊಳ್ಳುತ್ತೇನೆ’ ಅನ್ನುತ್ತಾರಂತೆ. ಸೇರಲೇ?

ಉತ್ತರ: ಬೇಡ. ಅಧ್ಯಾಪಕರು ತಮ್ಮ ಕರ್ತವ್ಯಕ್ಕೆ ಅಡ್ಡಿಯಾಗುವ ಖಾಸಗಿ ಟ್ಯೂಷನ್, ಕೋಚಿಂಗ್‌ನಿಂದ ದೂರವಿರಬೇಕೆಂದು ಯುಜಿಸಿಯ ವೃತ್ತಿನೀತಿಯಲ್ಲೇ ಇದೆ. ಅಂಕ ಹಾಕುವ ಕೈಗೆ ದುಡ್ಡು ಕೊಡುವುದು ಪಾಠವಲ್ಲ, ವ್ಯಾಪಾರ. ಅವರ ಕ್ಲಾಸಿನಲ್ಲೇ ಅರ್ಥವಾಗದ್ದನ್ನು ಬರೆದುಕೊಂಡು ಹೋಗಿ ವಿಭಾಗದಲ್ಲಿ ಕೇಳಿ, ಅದು ನಿಮ್ಮ ಹಕ್ಕು, ಶುಲ್ಕದಲ್ಲಿ ಸೇರಿದೆ.

ಪ್ರಶ್ನೆ: ಟ್ಯೂಟರ್ ಮನೆಯಲ್ಲೇ ಪ್ಲೇಟ್ ಮಾಡಿ ಚರಂಡಿ ನೀರು, ಗಂಟಲಿನ ಸ್ವಾಬ್ ಬೆಳೆಸಿ ತೋರಿಸುತ್ತೇನೆ ಎನ್ನುತ್ತಿದ್ದಾರೆ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದಾರೆ.

ಉತ್ತರ: ಒಪ್ಪಬೇಡಿ. ಗಂಟಲಿನಲ್ಲಿ ಚದುರಿಕೊಂಡಿದ್ದ ಒಂದು ಕೋಶ ಪ್ಲೇಟಿನ ಮೇಲೆ ಒಂದು ರಾತ್ರಿಯಲ್ಲಿ ಕೋಟಿಗಟ್ಟಲೆ ಆಗುತ್ತದೆ. 37 ಡಿಗ್ರಿಯಲ್ಲಿ ಬೆಳೆಸಿದರೆ ನಾವೇ ಮನುಷ್ಯನ ಮೈಯಲ್ಲಿ ಬದುಕಬಲ್ಲವನ್ನು ಆರಿಸಿ ಸಾಕಿದ ಹಾಗೆ. ಆಮೇಲೆ ಅದನ್ನು ಎಸೆಯುವುದೆಲ್ಲಿ? ಆಟೋಕ್ಲೇವ್ ಆಗದ ಪ್ಲೇಟ್ ಕಸದ ಗಾಡಿಗೆ ಹೋಗಬಾರದು. ಈಗಾಗಲೇ ಬೆಳೆಸಿಬಿಟ್ಟಿದ್ದರೆ ಮುಚ್ಚಳ ತೆಗೆಯದೆ ಸುತ್ತಲೂ ಟೇಪ್ ಹಾಕಿ, ಎರಡು ಕವರಿನಲ್ಲಿಟ್ಟು, ಕಾಲೇಜು ಲ್ಯಾಬಿಗೆ ಮೊದಲು ಹೇಳಿ ಆಟೋಕ್ಲೇವ್‌ಗೆ ಕೊಡಿ.

ಮನೆಯಲ್ಲಿ ನೋಡಲು ಮೊಸರು ಸಾಕು. ಹೆಪ್ಪಿನ ಒಂದು ಹನಿಯನ್ನು ಹತ್ತು ಹನಿ ನೀರಿನಲ್ಲಿ ಕಲಸಿ ಸ್ಲೈಡಿನ ಮೇಲೆ ತೆಳ್ಳಗೆ ಎಳೆಯಿರಿ, ಒಣಗಿಸಿ, ಹದವಾಗಿ ಬಿಸಿ ಮಾಡಿ, ಮಿಥಿಲೀನ್ ಬ್ಲೂ 1 ನಿಮಿಷ ಇಟ್ಟು ತೊಳೆದರೆ ಕಡ್ಡಿಗಳೂ ಸರಪಳಿಯಾದ ದುಂಡಗಿನವೂ ಕಾಣುತ್ತವೆ. ಗಟ್ಟಿ ಮೊಸರನ್ನೇ ಬಳಿದರೆ ಕೊಬ್ಬು, ಕೇಸಿನ್ ಎಲ್ಲ ನೀಲಿಯಾಗಿ ಏನೂ ತಿಳಿಯದು. ಹುದುಗಿದ ದೋಸೆಹಿಟ್ಟಿನ ಮೇಲಿನ ನೀರೂ ಆಗುತ್ತದೆ. ಅದರಲ್ಲಿ ಲ್ಯೂಕೊನಾಸ್ಟಾಕ್‌ನಂಥ ಲ್ಯಾಕ್ಟಿಕ್ ಬ್ಯಾಕ್ಟೀರಿಯಾಗಳಿರುತ್ತವೆ. ಬೆಣ್ಣೆದೋಸೆಯ ಊರಲ್ಲಿ ಹಿಟ್ಟಿಗೇನು ಬರ!

ಪ್ರಶ್ನೆ: ಹಿರಿಯೂರಿನ ತೋಟಗಾರಿಕೆ ಕಾಲೇಜಿನಲ್ಲಿ ಓದುತ್ತಿದ್ದೇನೆ. ಮಣ್ಣಿನ ಸೂಕ್ಷ್ಮಜೀವಿಗಳ ಪಾಠಕ್ಕೆ ಮೆಡಿಕಲ್ ಲ್ಯಾಬಿನಲ್ಲಿ ಕೆಲಸ ಮಾಡುವವರು ನಡೆಯುತ್ತಾರೆಯೇ?

ಉತ್ತರ: ಸ್ಟೇನ್, ಮಾಧ್ಯಮ, ಸ್ಟೆರಿಲೈಸೇಷನ್‌ವರೆಗೆ ನಡೆಯುತ್ತಾರೆ, ಅಲ್ಲಿಂದಾಚೆ ಇಲ್ಲ. ಕೃಷಿ ಮೈಕ್ರೋಬಯಾಲಜಿ ಓದಿದವರನ್ನೇ ಹುಡುಕಿ. ಪರೀಕ್ಷಿಸಲು ಒಂದೇ ಪ್ರಶ್ನೆ: ಚಳ್ಳಕೆರೆ ಕಡೆಯ ಶೇಂಗಾ ಬೇರಿನ ಗಂಟಿನಿಂದ ಸಾರಜನಕ ಕಟ್ಟುವ ರೈಜೋಬಿಯಂ ಜಾತಿಯ ಬ್ಯಾಕ್ಟೀರಿಯಾವನ್ನು ಬೇರ್ಪಡಿಸುವುದು ಹೇಗೆ? ಗಂಟನ್ನು ಉಗುರಿನಲ್ಲಿ ಸೀಳಿ ಒಳಗೆ ಗುಲಾಬಿ ಬಣ್ಣವಿದೆಯೇ ನೋಡಬೇಕು. ಅದು ಲೆಗ್‌ಹೀಮೋಗ್ಲೋಬಿನ್, ಗಂಟು ಸಾರಜನಕ ಕಟ್ಟುತ್ತಿದೆ ಎಂಬುದರ ಗುರುತು. ಒಳಗೆ ಹಸಿರು, ಕಂದು ಇದ್ದರೆ ಬಿಡಬೇಕು. ಗುಲಾಬಿ ಇರುವ ಬೇರೆ ಗಂಟುಗಳ ಮೇಲ್ಮೈ ಸ್ಟೆರಿಲೈಸ್ ಮಾಡಿ, ಸ್ಟೆರೈಲ್ ನೀರಿನಲ್ಲಿ ಹಲವು ಸಲ ತೊಳೆದು, ಅರೆದು, ಕಾಂಗೋ ರೆಡ್ ಸೇರಿಸಿದ ಯೀಸ್ಟ್ ಎಕ್ಸ್‌ಟ್ರ್ಯಾಕ್ಟ್ ಮ್ಯಾನಿಟಾಲ್ ಅಗಾರ್ ಮೇಲೆ ಎಳೆಯುವುದು. ರೈಜೋಬಿಯಂ ಕಾಲೊನಿ ಆ ಕೆಂಪನ್ನು ಹೀರದೆ ಬೆಳ್ಳಗೆ ಉಳಿಯುತ್ತದೆ, ಅಗ್ರೋಬ್ಯಾಕ್ಟೀರಿಯಂ ಹೀರಿ ಕೆಂಪಾಗುತ್ತದೆ. ಶೇಂಗಾದ್ದು ಬ್ರಾಡಿರೈಜೋಬಿಯಂ, ನಿಧಾನಕ್ಕೆ ಬೆಳೆಯುವುದು, ವಾರ ಕಾಯಬೇಕು. ಎರಡೇ ದಿನಕ್ಕೆ ಪ್ಲೇಟ್ ತುಂಬಿದರೆ ಅದು ಮೇಲ್ಮೈಯಿಂದ ಬಂದ ಕಲಬೆರಕೆ ಎಂದು ಅನುಮಾನಿಸಬೇಕು. ಈ ಕೊನೆಯ ಮಾತು ತಾವಾಗಿ ಹೇಳಿದವರು ನಿಜಕ್ಕೂ ಬೆಂಚಿನ ಮುಂದೆ ಕೂತು ಕೆಲಸ ಮಾಡಿದವರು.

ಪ್ರಶ್ನೆ: ಎಂ.ಎಸ್ಸಿ ಮೈಕ್ರೋಬಯಾಲಜಿ ಮುಗಿಸಿ ದಾವಣಗೆರೆಯಲ್ಲೇ ಇದ್ದೇನೆ. ಕೆಲಸ ಸಿಗುವವರೆಗೆ ಟ್ಯೂಷನ್ ಹೇಳೋಣವೆಂದಿದ್ದೇನೆ. ಹೇಗೆ ಶುರುಮಾಡಲಿ?

ಉತ್ತರ: ‘ಎಲ್ಲ ಕೋರ್ಸ್‌ಗೂ ಮೈಕ್ರೋಬಯಾಲಜಿ’ ಎಂದು ಬೋರ್ಡ್ ಹಾಕಬೇಡಿ. ಬಿ.ಎಸ್ಸಿಯೋ, ಲ್ಯಾಬ್ ಟೆಕ್ನಿಷಿಯನ್ ಡಿಪ್ಲೊಮಾ ಆದ ಡಿಎಂಎಲ್‌ಟಿಯೋ ಒಂದನ್ನು ಹಿಡಿದು ಅದರ ಐದು ವರ್ಷದ ಪ್ರಶ್ನೆಪತ್ರಿಕೆಗಳನ್ನು ಅಧ್ಯಾಯವಾರು ಕತ್ತರಿಸಿ ಜೋಡಿಸಿಕೊಳ್ಳಿ. ಆ ಕಡತವೇ ನಿಮ್ಮ ಬಂಡವಾಳ. ವಿದ್ಯಾರ್ಥಿ ಮೊದಲ ದಿನ ಬಂದಾಗ ಪಾಠ ಮಾಡಬೇಡಿ, ಹಳೇ ಪತ್ರಿಕೆಯ ಎರಡು ಪ್ರಶ್ನೆಗೆ ಉತ್ತರ ಬರೆಸಿ. ಗೊತ್ತಿಲ್ಲದೆ ಬಿಟ್ಟಿದ್ದಾರೋ, ಗೊತ್ತಿದ್ದೂ ಬರೆಯಲು ಬಂದಿಲ್ಲವೋ ಅರ್ಧ ಗಂಟೆಯಲ್ಲಿ ತಿಳಿಯುತ್ತದೆ. ಎರಡಕ್ಕೂ ಮದ್ದು ಬೇರೆ ಬೇರೆ. ರೆಕಾರ್ಡ್ ಬುಕ್, ಅಸೈನ್‌ಮೆಂಟ್, ಪ್ರಾಜೆಕ್ಟ್ ಬರೆದುಕೊಡುವ ಕೆಲಸ ಬಂದೇ ಬರುತ್ತದೆ, ದುಡ್ಡೂ ಅದರಲ್ಲೇ ಹೆಚ್ಚು. ಒಮ್ಮೆ ಒಪ್ಪಿದರೆ ನಿಮ್ಮನ್ನು ಪಾಠಕ್ಕೆ ಯಾರೂ ಕರೆಯುವುದಿಲ್ಲ.

ಸಾಧ್ಯವಾದರೆ 100 ಪಟ್ಟಿನ ಆಯಿಲ್ ಇಮ್ಮರ್ಷನ್ ಲೆನ್ಸ್ ಇರುವ ಒಂದು ಸೂಕ್ಷ್ಮದರ್ಶಕ, ಹದಿನೈದಿಪ್ಪತ್ತು ಪರ್ಮನೆಂಟ್ ಸ್ಲೈಡ್ ಇಟ್ಟುಕೊಳ್ಳಿ. ಸಿದ್ಧ ಸ್ಲೈಡ್‌ಗಳಿಂದ ಅಪಾಯವಿಲ್ಲ, ಇಟ್ಟದ್ದನ್ನು ನೋಡಿ ಗುರುತಿಸುವ ಸ್ಪಾಟರ್ ಪರೀಕ್ಷೆಗೆ ಅವೇ ಬೇಕು. ಲೆನ್ಸ್ ಒರೆಸಲು ಲೆನ್ಸ್ ಪೇಪರ್ ಮಾತ್ರ, ಕರವಸ್ತ್ರ ಬೇಡ. ಎಣ್ಣೆ ಹಾಕಿದ ಮೇಲೆ ಮತ್ತೆ 40ರ ಲೆನ್ಸ್‌ಗೆ ತಿರುಗಿಸಲು ಬಿಡಬೇಡಿ, ಅದರ ಮುಖಕ್ಕೆ ಎಣ್ಣೆ ಹತ್ತಿ ಆಮೇಲೆ ಎಲ್ಲ ಸ್ಲೈಡೂ ಮಬ್ಬು. ಹೊಸ ಹುಡುಗರು ‘ಸರ್, 10ರಲ್ಲಿ ಕಾಣುತ್ತೆ, 100ರಲ್ಲಿ ಏನೂ ಕಾಣಲ್ಲ’ ಅಂದರೆ ಫೋಕಸ್ ತಿರುಗಿಸುವ ಮೊದಲು ಸ್ಲೈಡ್ ತೆಗೆದು ನೋಡಿ. ಬಹಳ ಸಲ ಸ್ಮಿಯರ್ ಇರುವ ಮುಖ ಕೆಳಗಾಗಿರುತ್ತದೆ. 100ರ ಲೆನ್ಸ್ ಸ್ಮಿಯರ್‌ನಿಂದ ಕೂದಲೆಳೆಯಷ್ಟು ದೂರಕ್ಕೆ ಬಂದರೆ ಮಾತ್ರ ಚಿತ್ರ ಕಟ್ಟುತ್ತದೆ, ಮಧ್ಯೆ ಒಂದು ಮಿಲಿಮೀಟರ್ ದಪ್ಪದ ಗಾಜು ಅಡ್ಡ ಬಂದರೆ ತಲುಪುವುದೇ ಇಲ್ಲ. ಆಗ ಇನ್ನೂ ಕೆಳಗಿಳಿಸಿದರೆ ಒಡೆಯುವುದು ಸ್ಲೈಡ್, ಗೀರು ಬೀಳುವುದು ನಿಮ್ಮ ಲೆನ್ಸ್‌ಗೆ. ಸ್ಲೈಡಿನ ಮೇಲ್ಮುಖದ ಮೂಲೆಯಲ್ಲಿ ಗಾಜಿನ ಮೇಲೆ ಬರೆಯುವ ಪೆನ್ಸಿಲಿನಿಂದ ಒಂದು ಗುರುತು ಹಾಕಿಸುವ ಅಭ್ಯಾಸ ಮೊದಲ ದಿನವೇ ಮಾಡಿಸಿ.